ಹಾಸಿನಾಚೆ ನಿಂತವರು

ಲಾಳಿ ಎಂಬ ನಾಯಿಯನ್ನು ನಾಯಿ ಹಿಡಿಯುವವರು ಗಾಡಿಗೆ ಹಾಕಿಕೊಂಡ ಬೆಳಿಗ್ಗೆ ನಮ್ಮ ಬೀದಿಯ ಹಿರಿಯರೆಲ್ಲ ಅಲ್ಲೇ ಇದ್ದರು. ‘ಇದು ಯಾರದಾದರೂ ಸಾಕಿದ ನಾಯಿಯೇ?’ ಎಂದು ಆ ಹಿಡಿಯುವವನೇ ನಿಂತು ಕೇಳಿದ. ಯಾರೂ ಉತ್ತರಿಸಲಿಲ್ಲ. ಆಗಿಹೋದ ಅನ್ಯಾಯ ಇದು. ಇದಕ್ಕಿಂತ ಹೆಚ್ಚಿನದನ್ನು ನಾನು ಸೇರಿಸುವುದಿಲ್ಲ, ಇದರಲ್ಲಿ ಒಂದಕ್ಷರವನ್ನೂ ಕಳೆಯುವುದಿಲ್ಲ.

ಇಷ್ಟು ವರ್ಷ ಸುಮ್ಮನಿದ್ದವನು ಈಗ ಬರೆಯಲು ಕಾರಣವಿದೆ. ಹೋದ ತಿಂಗಳು ದೊಡ್ಡಬಳ್ಳಾಪುರದಲ್ಲಿ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಆ ಬೀದಿಯವರೊಬ್ಬರು ನನ್ನ ಪಕ್ಕದಲ್ಲೇ ಕುಳಿತು, ತಮ್ಮ ಮೊಮ್ಮಕ್ಕಳಿಗೆ ಕಥೆ ಹೇಳುತ್ತಿದ್ದರು. “ನಮ್ ಬೀದೀಲಿ ಒಬ್ಳು ಹುಚ್ಚಮ್ಮ ಇದ್ಲು ಕಣ್ರೋ. ನಾಯಿಗೆ ದಾರ ದಾಟ್ಬಾರ್ದು ಅಂತ ಪಾಠ ಹೇಳಿದ್ಲು. ಆ ನಾಯಿ ಅವಳಿಗಿಂತ ಪೆದ್ದು, ದಾಟ್ದೇ ಕೂತು ಸತ್ತೇಹೋಯ್ತು.” ಮಕ್ಕಳು ನಕ್ಕರು. ಹೇಳಿದವರೂ ನಕ್ಕರು. ನಾನು ಎಲೆ ಬಿಟ್ಟು ಎದ್ದೆ. ಹಾಗೆ ನಕ್ಕವರು ಯಾರೆಂಬುದನ್ನು ಮುಂದೆ ಹೇಳುತ್ತೇನೆ.

ಆಕೆಯ ಹೆಸರನ್ನು ಬರೆಯುವುದಿಲ್ಲ. ಬದುಕಿದ್ದಾಗಲೇ ತಮ್ಮ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಲು ಇಷ್ಟಪಡದವರು. ಅರವತ್ತರ ದಶಕದ ಕೊನೆಯಲ್ಲಿ ನಾನು ಆ ಊರಿನ ಶಾಲೆಗೆ ಮೇಷ್ಟ್ರಾಗಿ ಬಂದಾಗ ಆಕೆಯ ಮನೆಯ ಮುಂಭಾಗದ ಎರಡು ಕೋಣೆಗಳಲ್ಲಿ ಬಾಡಿಗೆಗೆ ಸೇರಿದೆ. ಹಿಂಭಾಗದಲ್ಲಿ ಆಕೆಯೊಬ್ಬರೇ ಇದ್ದರು. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ನಡುಮನೆಯಲ್ಲಿ ಅವರ ಗುಂಡಿಮಗ್ಗವಿತ್ತು. ನೆಲದಲ್ಲಿ ತೋಡಿದ ಗುಂಡಿಗೆ ಕಾಲಿಳಿಸಿ ಕುಳಿತು, ಅಡಿಯಲ್ಲಿನ ಹಲಗೆಗಳನ್ನು ತುಳಿಯುತ್ತ ನೇಯುವ ಮಗ್ಗ ಅದು. ಗಂಡ ಹೋದಂದಿನಿಂದ ಅದರ ಮೇಲೆ ಹಳೆಯ ಜಮಖಾನ ಹೊದಿಸಿತ್ತು. ಆಕೆ ಬೇರೆಯವರ ಮಗ್ಗಗಳಿಗೆ ನೂಲು ಸುತ್ತಿಕೊಟ್ಟು ಜೀವನ ಮಾಡುತ್ತಿದ್ದರು.

ಎತ್ತರದ ಹೆಂಗಸು. ನಡೆಯುವಾಗ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳುವರು, ಯಾರಿಗೋ ಕೊಡಲು ಒಯ್ಯುತ್ತಿರುವಂತೆ. ಎದುರಿಗೆ ಸಿಕ್ಕವರ ಮುಖಕ್ಕಿಂತ ಮೊದಲು ಅವರ ಅಂಗಿಯ ಬಟ್ಟೆಯನ್ನು ನೋಡುವರು. ನಾನು ಮನೆ ಕೇಳಲು ಹೋದ ದಿನ, “ಈ ಬಟ್ಟೆ ಕೊಟ್ಟೋನು ನಿಮಗೆ ಚೆನ್ನಾಗಿ ಟೋಪಿ ಹಾಕಿದ್ದಾನೆ ಮೇಷ್ಟ್ರೇ. ಮನೆ ಬೇಕಾದ್ರೆ ಇರಿ,” ಎಂದರು. ಅದೇ ನಮ್ಮ ಒಪ್ಪಂದ.

ಆ ಬೀದಿಯ ಪದ್ಧತಿಯೊಂದನ್ನು ಇಲ್ಲಿ ವಿವರಿಸದಿದ್ದರೆ ಮುಂದಿನದು ತಿಳಿಯುವುದಿಲ್ಲ. ಸೀರೆಯ ಉದ್ದದ ಎಳೆಗಳನ್ನು ಮಗ್ಗಕ್ಕೇರಿಸುವ ಮೊದಲು, ಬೆಳಗಿನ ಎಳೆಬಿಸಿಲಿನಲ್ಲಿ ಬೀದಿಯುದ್ದಕ್ಕೂ ಸೊಂಟದ ಎತ್ತರಕ್ಕೆ ಬಿಗಿದು ಕಟ್ಟುತ್ತಿದ್ದರು. ಅದಕ್ಕೆ ಹಾಸು ಎನ್ನುತ್ತಾರೆ. ಆ ಎಳೆಗಳಿಗೆ ಅಕ್ಕಿಗಂಜಿ ಸವರಿ, ದೊಡ್ಡ ಕುಂಚದಿಂದ ಬಾಚಿ ಒಣಗಿಸುವುದು. ಹಾಸು ಕಟ್ಟಿದ ಹೊತ್ತಿನಲ್ಲಿ ಬೀದಿ ಎರಡು ದಡಗಳಾಗಿಬಿಡುತ್ತಿತ್ತು. ಈ ದಡದಿಂದ ಆ ದಡಕ್ಕೆ ಹೋಗುವವರು ಬಗ್ಗಿ, ಎಳೆಗೆ ತಲೆ ತಾಗದಂತೆ ಅಡಿಯಿಂದ ನುಸುಳಬೇಕು. ಯಾರ ಮನೆಯ ಹಾಸೋ ಅವರು ಆ ಬೆಳಿಗ್ಗೆಯ ಮಟ್ಟಿಗೆ ಬೀದಿಯ ರಾಜರು.

ಹಾಸುಗಳಲ್ಲೆಲ್ಲ ದೊಡ್ಡದು ನಮ್ಮ ಸಾಲಿನಲ್ಲೇ ನಾಲ್ಕು ಮನೆಯಾಚೆ ಇದ್ದ ಯಜಮಾನರದು. ಅವರ ಹೆಸರೂ ಬೇಡ. ಬೀದಿಯವರೆಲ್ಲ ಅವರನ್ನು ಯಜಮಾನರು ಎಂದೇ ಕರೆಯುತ್ತಿದ್ದರು. ಅವರಿಗೊಬ್ಬ ತಮ್ಮ, ಅಣ್ಣನ ಮಾತಿಗೆ ಮೊದಲೇ ತಲೆಯಾಡಿಸುವವನು.

ಗಂಜಿ ಹಾಕಿದ ನೂಲೆಂದರೆ ಹೆಗ್ಗಣಗಳಿಗೆ ಹಬ್ಬ. ಆಕೆ ಸುತ್ತಿಟ್ಟ ನೂಲನ್ನು ಹೆಗ್ಗಣಗಳು ಕಡಿದು ಹಾಳು ಮಾಡಿದವು. ಬೆಕ್ಕು ಸಾಕಬಹುದಿತ್ತು. ಆದರೆ ನೂಲಿನ ಮನೆಯಲ್ಲಿ ಬೆಕ್ಕಿನಷ್ಟು ಅನಾಹುತ ಮಾಡುವ ಪ್ರಾಣಿ ಇನ್ನೊಂದಿಲ್ಲ. ಉಂಡೆ ಕಂಡರೆ ಅದಕ್ಕೆ ಆಟ. ಆದ್ದರಿಂದ ಜಡಿಗೇನಹಳ್ಳಿಯಲ್ಲಿದ್ದ ಆಕೆಯ ಅಣ್ಣ ಒಂದು ನಾಯಿಮರಿಯನ್ನು ತರಕಾರಿ ಬುಟ್ಟಿಯಲ್ಲಿಟ್ಟು, ಬಸ್ಸಿನ ಕಂಡಕ್ಟರಿಗೆ ಕುಂಬಳಕಾಯಿ ಎಂದು ಹೇಳಿ ತಂದುಕೊಟ್ಟರು. ಹೊಸಕೋಟೆ ದಾಟುವ ಹೊತ್ತಿಗೆ ಕುಂಬಳಕಾಯಿ ಕುಂಯ್ಗುಟ್ಟಿತಂತೆ. ಮದುವೆಮನೆಯ ಆ ಮಹಾಶಯರು ಕರಿನಾಯಿ ಎಂದು ಕಥೆ ಹೇಳಿದರು. ಸುಳ್ಳು. ರಾಗಿಯ ಬಣ್ಣದ್ದು, ನಾಲ್ಕೂ ಪಾದ ಬಿಳಿ. ಹೇಳಿದ ಕಥೆಯಲ್ಲಿ ನಾಯಿಯ ಬಣ್ಣವನ್ನಾದರೂ ಸರಿಯಾಗಿ ಹೇಳುವಷ್ಟು ಗೌರವ ಅವರಿಗಿರಲಿಲ್ಲ.

ಬಂದ ಸಂಜೆಯಿಂದಲೇ ಮರಿ ಅಳತೊಡಗಿತು. ಬಿಸಿ ಹಾಲಿಟ್ಟರೂ ಅಳು, ಮೊರದಲ್ಲಿ ಹಳೆಯ ಪಂಚೆ ಹಾಸಿ ಮಲಗಿಸಿದರೂ ಅಳು. ನನ್ನ ಹೆಂಡತಿ ಎತ್ತಿಕೊಂಡು ಓಡಾಡಿದಳು, ಅದಕ್ಕೂ ನಿಲ್ಲಲಿಲ್ಲ. ಕೊನೆಗೆ ಹಿಂಭಾಗದಿಂದ ನಾನು ಆ ಮನೆಯಲ್ಲಿ ಎಂದೂ ಕೇಳದ ಸದ್ದೊಂದು ಕೇಳಿಸಿತು. ಹೋಗಿ ನೋಡಿದರೆ ಆಕೆ ಜಮಖಾನ ಸರಿಸಿ, ಖಾಲಿ ಮಗ್ಗದ ಮುಂದೆ ಗುಂಡಿಗೆ ಕಾಲಿಳಿಸಿ ಕುಳಿತಿದ್ದರು. ನೂಲಿಲ್ಲ, ಏನಿಲ್ಲ, ಬರಿದೇ ತುಳಿಯುತ್ತಿದ್ದರು. ಮರಿ ಗುಂಡಿಯೊಳಗೆ ಅವರ ಪಾದದ ಪಕ್ಕ ಸುರುಳಿಯಾಗಿ ಮಲಗಿತ್ತು.

“ಇದಕ್ಕೆ ಸದ್ದು ಬೇಕಂತೆ ಮೇಷ್ಟ್ರೇ,” ಎಂದರು, ತಲೆಯೆತ್ತದೆ. “ನಮ್ಮನೆಯೋರಿಗೂ ಹಂಗೇ ಇತ್ತು. ಬೀದೀಲಿ ಮಗ್ಗ ನಿಂತ್ರೆ ಅವರಿಗೆ ಎಚ್ಚರ ಆಗ್ಬಿಡೋದು.”

ಕೆಲವು ದಿನ ಹೀಗೆ ಬರಿದೇ ತುಳಿದ ಮೇಲೆ ಆಕೆಗೇ ನಾಚಿಕೆಯಾಯಿತೋ ಏನೋ, ಮಗ್ಗಕ್ಕೆ ನೂಲೇರಿಸಿದರು. ಮರಿಯನ್ನು ಮಲಗಿಸಲು ಕುಳಿತವರು ಸೀರೆಯೊಂದನ್ನು ನೇಯ್ದು ಎದ್ದರು. ಮಗ್ಗದ ಮುಂದಕ್ಕೂ ಹಿಂದಕ್ಕೂ ಓಡುತ್ತಿದ್ದ ಆ ಮರಿಗೆ, ನೂಲನ್ನು ಹೊತ್ತು ಎಡಬಲ ಓಡುವ ಲಾಳಿಯ ಹೆಸರನ್ನೇ ಇಟ್ಟರು.

ಯಜಮಾನರಿಗೆ ಇದು ಹಿಡಿಸಲಿಲ್ಲ. ಆ ಮಗ್ಗದ ಮೇಲೆ ಅವರಿಗೆ ಮೊದಲಿನಿಂದ ಕಣ್ಣಿತ್ತು. “ಸುಮ್ನೆ ಧೂಳು ತಿಂತಾ ಇದ್ಯಲ್ಲಮ್ಮ, ನಮಗೆ ಕೊಟ್ಬಿಡು,” ಎಂದು ಹಿಂದೆ ನನ್ನೆದುರಿಗೇ ಕೇಳಿದ್ದರು. ಈಗ ಧೂಳು ಕೊಡವಿ ಆಕೆಯೇ ಕುಳಿತದ್ದು ಅವರಿಗೆ ಅವಮಾನವಾಗಿ ತೋರಿತು. ಬಾಯಿಬಿಟ್ಟು ಹೇಳಲು ಕಾರಣ ಬೇಕಿತ್ತು. ಆ ಕಾರಣವನ್ನು ಮರಿಯೇ ಒದಗಿಸಿತು. ಒಂದು ಬೆಳಿಗ್ಗೆ ಜಗುಲಿಯಿಂದ ಇಳಿದು ಹೋಗಿ, ಅವರ ಹಾಸಿನ ಕೆಳಗೆ ಮೂತ್ರ ಮಾಡಿ, ಗಂಜಿ ತೊಟ್ಟಿಕ್ಕುತ್ತಿದ್ದ ಎಳೆಗಳನ್ನು ನೆಕ್ಕಿತು.

ಯಜಮಾನರು ಮರಿಯ ಕತ್ತು ಹಿಡಿದೆತ್ತಿಕೊಂಡೇ ಬಂದರು. ಹಿಂದೆ ಅವರ ತಮ್ಮ.

“ಏನಮ್ಮಾ, ಮನೇಲಿ ಗಂಡಸಿಲ್ಲ ಅಂತ ನಾಯಿ ತಂದಿಟ್ಕೊಂಡ್ಯಾ? ಇದರ ಮೂಗು ತಿಕ್ಕು ಅದರಲ್ಲೇ, ಬುದ್ಧಿ ಬರುತ್ತೆ.”

ಆಕೆ ಮರಿಯನ್ನು ಅವರ ಕೈಯಿಂದ ಬಿಡಿಸಿಕೊಂಡರು. “ಮೊನ್ನೆ ನಿಮ್ಮ ಮೊಮ್ಮಗ ನಮ್ಮ ಜಗುಲೀಲಿ ಮಾಡಿದ್ನಲ್ಲ, ಆಗ ಯಾರ ಮೂಗು ತಿಕ್ಕಿದ್ರಿ?”

ತಮ್ಮನಿಗೆ ನಗು ಬಂತು. ಅಣ್ಣನ ಮುಖ ನೋಡಿ ಕೆಮ್ಮಿದ.

“ಮಾತು ಬೇಡ. ಇನ್ನೊಂದ್ಸಲ ನಮ್ಮ ಹಾಸಿನ ತಂಟೆಗೆ ಬಂದ್ರೆ ನಾಯೀನೂ ಇರಲ್ಲ, ನೀನೂ ಇರಲ್ಲ ಈ ಬೀದೀಲಿ.”

“ಆಯ್ತು ಯಜಮಾನ್ರೇ. ನಿಮ್ಮ ಹಾಸಲ್ಲ, ಒಂದೇ ಒಂದು ಎಳೆ ಅಡ್ಡ ಇದ್ರೂ ಇದು ದಾಟಲ್ಲ. ದಾಟಿದ ದಿನ ನಾನೇ ಗಂಟು ಕಟ್ತೀನಿ.”

ಈ ಮಾತನ್ನು ನೆನಪಿಡಬೇಕು. ಕೇಳಿದವರು ಅವರು, ಕೊಟ್ಟವರು ಆಕೆ.

ಮರುದಿನದಿಂದ ಶಿಕ್ಷಣ ಆರಂಭವಾಯಿತು. ನಾನು ಮೇಷ್ಟ್ರು, ಕಲಿಸುವುದೆಂದರೇನೆಂದು ಅಷ್ಟಿಷ್ಟು ಬಲ್ಲವನು. ಅಷ್ಟು ತಾಳ್ಮೆಯನ್ನು ನನ್ನ ಉದ್ಯೋಗದಲ್ಲಿ ಕಂಡಿಲ್ಲ. ಆಕೆ ತಾಳ್ಮೆಯ ಹೆಂಗಸಲ್ಲ ಎಂಬುದು ಇದರ ವಿಶೇಷ. ತರಕಾರಿಯವನೊಡನೆ, ನೀರಿನ ಸಾಲಿನಲ್ಲಿ, ನನ್ನೊಡನೆ, ಎಲ್ಲರೊಡನೆ ಸಿಡಿದೇಳುತ್ತಿದ್ದರು. ಮರಿ ಮನೆಯೊಳಗೆ ಗಲೀಜು ಮಾಡಿದರೆ ಮಾತ್ರ ತುಟಿ ಬಿಗಿದುಕೊಂಡು ಒಲೆಯ ಬೂದಿ ಸುರಿದು, ಬಳಿದು, ಸಗಣಿಯಲ್ಲಿ ಸಾರಿಸುವರು. ವಾಸನೆ ಉಳಿದರೆ ಮರಿ ಅದೇ ಜಾಗ ಹುಡುಕುತ್ತದೆ ಎನ್ನುವರು. ಬಳಿದ ಬಟ್ಟೆಯ ಚೂರನ್ನು ಬೀದಿಯಾಚೆಯ ಬಯಲಿನಲ್ಲಿ ಹೊಂಗೆಮರದ ಬುಡಕ್ಕೆ ಹಾಕಿ, ಮರಿಯನ್ನು ಅಲ್ಲಿಗೊಯ್ದು ಕಾಯುವರು. ಅಲ್ಲಿ ಮಾಡಿತೋ, ಮುದ್ದೆಯ ಚೂರು ಬಾಯಿಗೆ, “ಜಾಣ ಕಣೋ ನೀನು” ಎಂಬ ಮಾತು ಕಿವಿಗೆ. ಆ ಮಾತನ್ನು ಆಕೆ ಮನುಷ್ಯರಿಗೆ ಹೇಳಿದ್ದನ್ನು ನಾನು ಕೇಳಿಲ್ಲ.

ಹೊತ್ತಿಗೆ ಗಡಿಯಾರವಿರಲಿಲ್ಲ. ಬೆಳಗಿನ ಪ್ಯಾಸೆಂಜರ್ ರೈಲು ಸ್ಟೇಷನ್ನಿಗೆ ಬರುವಾಗ ಕೂಗುವುದೇ ಬಯಲಿಗೆ ಹೋಗುವ ಹೊತ್ತು. ಬೇಗನೆ ಮರಿ ಇದನ್ನು ಎಷ್ಟು ಚೆನ್ನಾಗಿ ಕಲಿಯಿತೆಂದರೆ, ರೈಲು ತಡವಾದ ದಿನ ಅದು ಬಾಗಿಲಲ್ಲಿ ಕಾಲು ಬದಲಿಸುತ್ತ, ಸ್ಟೇಷನ್ನಿನ ದಿಕ್ಕಿಗೆ ಕಿವಿ ನಿಮಿರಿಸಿ ಸಂಕಟಪಡುತ್ತಿತ್ತು. “ಹೋಗೋ, ರೈಲ್ನೋರ ಅಪ್ಪಣೆ ಬೇಡ ಹೋಗೋ,” ಎಂದು ಆಕೆ ಎಷ್ಟು ಹೇಳಿದರೂ ಕೇಳದು. ಕೂಗು ಕೇಳಿಸಿದೊಡನೆ ಬಾಣದಂತೆ ಓಟ.

ಎಳೆಯ ಪಾಠ ಹೀಗಿತ್ತು. ಹೊಸ್ತಿಲಿಗೆ ಅಡ್ಡಲಾಗಿ, ಮರಿಯ ಎದೆಯ ಎತ್ತರಕ್ಕೆ, ಒಂದು ನೂಲಿನೆಳೆ ಕಟ್ಟುವರು. ಆಚೆ ಅನ್ನದ ತಟ್ಟೆ. ಮರಿ ನುಗ್ಗಿದರೆ ತಟ್ಟೆ ಎತ್ತಿಕೊಂಡು ಒಳಕ್ಕೆ ಹೋಗುವರು. ಹೊಡೆತವಿಲ್ಲ, ಬೈಗುಳವಿಲ್ಲ. ಎಳೆ ಹರಿದರೆ ಮತ್ತೆ ಕಟ್ಟುವರು. ಮರಿ ಕುಳಿತು ಕಾದರೆ ಮಾತ್ರ “ಬಾ” ಎನ್ನುವರು. ಆಗ ಎಳೆಯ ಕೆಳಗೆ ಬಗ್ಗಿ ಬರಬಹುದು. ಒಂದೆಳೆ ಕಲಿತ ಮೇಲೆ ಎಷ್ಟು ಎಳೆಗಳಾದರೂ ಒಂದೇ, ಎತ್ತರ ಎಷ್ಟಾದರೂ ಒಂದೇ. ಬಾ ಎನ್ನುವವರೆಗೆ ಲಾಳಿ ದಾಟುವುದಿಲ್ಲ.

ಆಕೆಯ ಮನೆಮಾತು ತೆಲುಗು. ಬೀದಿಯಲ್ಲಿ ಅರ್ಧ ಮನೆಗಳಲ್ಲಿ ತೆಲುಗು, ಅರ್ಧ ಮನೆಗಳಲ್ಲಿ ಕನ್ನಡ. ನಾಯಿಗೇಕೆ ಕನ್ನಡದಲ್ಲಿ ಹೇಳುತ್ತೀರಿ ಎಂದು ನಾನೊಮ್ಮೆ ಕೇಳಿದೆ.

“ನಾನೊಬ್ಳೇ ಕರೆದ್ರೆ ಸಾಕಾ ಮೇಷ್ಟ್ರೇ? ನಾನಿಲ್ದಾಗ ಯಾರಾದ್ರೂ ಕರೀಬೇಕಲ್ಲ. ಎಲ್ಲರ ಬಾಯಲ್ಲೂ ಬರೋ ಮಾತು ಇರ್ಲಿ ಅಂತ.”

ಎಲ್ಲರ ಬಾಯಲ್ಲೂ ಬಂತು. ಬೀದಿಯ ಮಕ್ಕಳಿಗೆ ಅದೊಂದು ಆಟವಾಯಿತು. ದೊಡ್ಡವರಿಗೂ. ನೆಂಟರು ಬಂದರೆ ಲಾಳಿಯ ಮುಂದೆ ದಾರ ಹಿಡಿದು ತೋರಿಸುವರು. ಯಜಮಾನರ ತಮ್ಮನಂತೂ ಬೀಡಿ ಹಚ್ಚುವ ಮೊದಲು ದಾರ ಅಡ್ಡ ಹಿಡಿದು ಲಾಳಿಯನ್ನು ಕೂರಿಸಿ, ಬೀಡಿ ಮುಗಿದ ಮೇಲೆ “ಬಾರಲಾ” ಎನ್ನುತ್ತಿದ್ದ. ಆಕೆ ಜಗುಲಿಯಿಂದ ಕೂಗುವರು, “ಲೇ, ಬೀಡಿ ಚಿಕ್ಕದು ಸೇದೋ, ಮಗೂ ಕಾಯ್ತಾ ಇದೆ.” ಅವನು ನಗುವನು. ಆ ವರ್ಷಗಳಲ್ಲಿ ಹೀಗೆ ನಗುವೂ ಇತ್ತೆಂಬುದನ್ನು ಮುಚ್ಚಿಡುವುದಿಲ್ಲ.

ಹಾಸು ಕಟ್ಟಿದ ಬೆಳಿಗ್ಗೆಗಳಲ್ಲಿ ಬಯಲಿನಿಂದ ಹಿಂದಿರುಗಿದ ಲಾಳಿ ಎಳೆಗಳ ಆಚೆ ಬಂದು ಕುಳಿತುಕೊಳ್ಳುವುದು. ಗಂಜಿ ಸವರುತ್ತಿದ್ದ ಯಾರಾದರೊಬ್ಬರು “ಬಾ” ಎನ್ನುವರು. ಹೊಟ್ಟೆಯನ್ನು ನೆಲಕ್ಕೆ ತಾಗಿಸಿ, ಬೆನ್ನಿನ ಒಂದು ಕೂದಲೂ ಎಳೆಗೆ ಸೋಕದಂತೆ ನುಸುಳಿ, ಈಚೆ ಬಂದು ಮೈಕೊಡವಿ, ಜಗುಲಿ ಏರುವುದು. ಒಂದು ದಿನವಾದರೂ ದಾಟಿದ್ದರೆ ಯಜಮಾನರು ಆಕೆಯ ಗಂಟು ಕಟ್ಟಿಸುತ್ತಿದ್ದರು. ಅವರಿಗೆ ಆ ಅವಕಾಶವನ್ನು ಲಾಳಿ ಕೊಡಲಿಲ್ಲ.

ಎಪ್ಪತ್ತರ ದಶಕದ ಆರಂಭದಲ್ಲಿ ಸುತ್ತಿನ ಊರುಗಳಲ್ಲಿ ಹುಚ್ಚುನಾಯಿಗಳ ಕಾಟವೆಂದು ಬೀದಿನಾಯಿಗಳನ್ನು ಹಿಡಿಯುವ ಗಾಡಿ ತಿರುಗತೊಡಗಿತು. ಆ ದಿನ ನಾನು ಪರೀಕ್ಷೆಯ ಕೆಲಸದ ಮೇಲೆ ನೆಲಮಂಗಲದಲ್ಲಿದ್ದೆ. ನನ್ನ ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ದೇವನಹಳ್ಳಿಯಲ್ಲಿ ನಮ್ಮ ಮನೆಯೊಡತಿಯ ನಾದಿನಿ ತೀರಿಕೊಂಡ ಸುದ್ದಿ ಬಂದು, ಆಕೆ ಮೊದಲ ಬಸ್ಸಿಗೆ ಹೊರಡಬೇಕಾಯಿತು. ಬೀದಿಯಲ್ಲಿ ಯಜಮಾನರು ಹಾಸು ಕಟ್ಟಲು ಕಂಬ ನೆಡಿಸುತ್ತಿದ್ದರು. ಆಕೆ ಅವರ ಬಳಿಗೇ ಹೋದರು. ಬೇರೆಯವರ ಬಳಿ ಹೋಗಬಹುದಿತ್ತು. ಹಾಸು ಅವರದು, ಹೇಳುವುದು ಅವರಿಗೇ ಎಂಬ ಮರ್ಯಾದೆ ಆಕೆಯದು.

ಮುಂದಿನದನ್ನು ನನಗೆ ಹೇಳಿದವರು ಎದುರುಮನೆಯ ಮುದುಕಿ. ಯಜಮಾನರ ತಮ್ಮನೂ ಮುಂದೊಂದು ದಿನ ನನ್ನೆದುರು ಇದನ್ನೇ ಹೇಳಿದ್ದಾನೆ. ಇಬ್ಬರ ಮಾತಿನಲ್ಲೂ ವ್ಯತ್ಯಾಸವಿರಲಿಲ್ಲ.

“ಯಜಮಾನ್ರೇ, ಸಾವಿನ ಮನೆಗೆ ಹೋಗ್ತಾ ಇದ್ದೀನಿ. ರೈಲು ಕೂಗಿದ್ಮೇಲೆ ಲಾಳಿ ಬಯಲಿಗೆ ಹೋಗಿ ಬರುತ್ತೆ. ಬಾ ಅಂತ ಒಂದು ಮಾತು ಅಂದ್ಬಿಡಿ, ಜಗುಲೀಲಿ ಮಲಗಿರುತ್ತೆ. ಸಂಜೆಗೆ ಬಂದ್ಬಿಡ್ತೀನಿ.”

“ಆಯ್ತು ಹೋಗಮ್ಮ,” ಎಂದರಂತೆ.

ರೈಲು ಕೂಗಿತು. ಲಾಳಿ ಬಯಲಿಗೆ ಹೋಯಿತು. ಹಿಂದಿರುಗುವ ಹೊತ್ತಿಗೆ ಹಾಸು ಬಿಗಿದಿತ್ತು. ವಾಡಿಕೆಯಂತೆ ಎಳೆಗಳ ಆಚೆ ಬಂದು ಕುಳಿತು ಒಬ್ಬೊಬ್ಬರ ಮುಖವನ್ನೂ ನೋಡತೊಡಗಿತು. ತಮ್ಮ ಕುಂಚ ಹಿಡಿದವನು ಬಾಯಿ ತೆರೆದನಂತೆ. ಯಜಮಾನರು, “ಕೆಲಸ ನೋಡು. ಕೂತಿರ್ಲಿ, ಏನಾಗುತ್ತೆ?” ಎಂದರಂತೆ. ಆಮೇಲೆ ಯಾರೂ ಕರೆಯಲಿಲ್ಲ. ಬಿಸಿಲೇರಿತು. ಲಾಳಿ ಕುಳಿತೇ ಇತ್ತು.

ಆಗ ಗಾಡಿ ಬಂತು. ಬೀದಿಯ ಉಳಿದ ನಾಯಿಗಳೆಲ್ಲ ಹಾಸಿನಡಿ ನುಗ್ಗಿ, ಎಳೆ ಕೆಡಿಸಿ, ಸಂದಿಗಳಲ್ಲಿ ಮಾಯವಾದವು. ಕಲಿಸಿದ ನಾಯಿಯೊಂದೇ ಉಳಿಯಿತು. ಹಿಡಿಯುವವನು ಹತ್ತಿರ ಬಂದು ಅದರ ಕೊರಳನ್ನು ನೋಡಿದ. ಪಂಚೆಯ ಅಂಚಿನಲ್ಲಿ ಹೆಣೆದ ಪಟ್ಟಿಯೊಂದು ಅಲ್ಲಿತ್ತು.

“ಕೊರಳಲ್ಲಿ ದಾರ ಐತೆ. ಯಾರ್ದಾದ್ರೂ ಸಾಕಿದ್ದಾ ಸ್ವಾಮಿ ಇದು?”

ಮುದುಕಿ ನನಗೆ ಹೇಳಿದರು, “ಗಂಡಸರು ಇಷ್ಟು ಜನ ನಿಂತಿದ್ರಲ್ಲಪ್ಪ, ನಾನೇನಂತ ಬಾಯ್ಬಿಡ್ಲಿ?” ಗಂಡಸರು ಯಜಮಾನರನ್ನು ನೋಡಿದರು. ಯಜಮಾನರು ಉಳಿದ ನಾಯಿಗಳು ಕೆಡಿಸಿಹೋದ, ಪಾಠ ಕಲಿತ ಮೇಲೆ ಲಾಳಿ ಎಂದೂ ಮುಟ್ಟದ ತಮ್ಮ ಎಳೆಗಳನ್ನು ನೋಡುತ್ತಿದ್ದರು. ಹಿಡಿಯುವವನು ಮತ್ತೊಮ್ಮೆ ಕೇಳಿ, ಕಾದು, ಇಕ್ಕುಳ ಹಾಕಿದ. ಆಗಲೂ ಲಾಳಿ ಹಾಸಿನ ಕಡೆಗೆ ಎಳೆದಾಡಲಿಲ್ಲವಂತೆ. ಮುಖ ಮಾತ್ರ ಈ ಕಡೆಗೇ ಇತ್ತಂತೆ.

ಸಂಜೆ ಆಕೆ ಬಂದರು. ಸಾವಿನ ಮನೆಯಿಂದ ಬಂದವರು ಸ್ನಾನ ಮಾಡದೆ ಒಳಗೆ ಹೋಗಬಾರದೆಂದು ಹಿತ್ತಿಲಿಗೆ ಹೋಗುತ್ತ ಲಾಳಿಯನ್ನು ಕರೆದರು. ಎರಡನೆಯ ಸಲ ಕರೆಯುವಾಗ ಎದುರುಮನೆಯ ಬಾಗಿಲು ಮುಚ್ಚಿಕೊಂಡಿತು. ಆ ಬಾಗಿಲಿನ ಸದ್ದಿನಿಂದಲೇ ತಮಗೆ ತಿಳಿಯಿತು ಎಂದು ಆಕೆ ಮುಂದೊಮ್ಮೆ ನನ್ನ ಹೆಂಡತಿಗೆ ಹೇಳಿದರು. ಮಾರನೆಯ ದಿನ ನಾನು ಹಿಂದಿರುಗಿದ ಮೇಲೆ ಆಕೆಯೂ ನಾನೂ ಗಾಡಿಯನ್ನು ವಿಚಾರಿಸಿಕೊಂಡು ಹೋದೆವು. “ನಿನ್ನೇದೆಲ್ಲ ನಿನ್ನೇನೇ ಮುಗೀತಮ್ಮ,” ಎಂದ ಆ ಗಾಡಿಯವನು. “ಸಾಕಿದ್ದಾ ಅಂತ ಕೇಳ್ದೆ ಕಣಮ್ಮ. ದೇವ್ರಾಣೆ ಎರಡು ಸಲ ಕೇಳ್ದೆ.” ಆಕೆ ಅವನನ್ನು ಬಯ್ಯಲಿಲ್ಲ. “ನೀನು ಕೇಳ್ದೆಯಲ್ಲಪ್ಪ,” ಎಂದಷ್ಟೇ ಹೇಳಿದರು.

ಯಜಮಾನರನ್ನು ಪ್ರಶ್ನಿಸಿದವನು ನಾನು. “ಬಾಡಿಗೆಗೆ ಇರೋರು ಬಾಡಿಗೆಯೋರ ಥರ ಇರಿ ಮೇಷ್ಟ್ರೇ. ಒಂದು ನಾಯಿಗೆ ಇಷ್ಟು ಪಂಚಾಯ್ತಿ ಯಾಕೆ?” ಎಂದರು. ಆ ಮಾತೂ ನನಗೆ ನೆನಪಿದೆ, ಅದನ್ನು ಹೇಳುವಾಗ ಅವರು ಕಾಲಮೇಲೆ ಕಾಲು ಹಾಕಿ ಕುಳಿತಿದ್ದ ರೀತಿಯೂ ನೆನಪಿದೆ.

ಆಕೆ ಮಗ್ಗವನ್ನು ಬಿಚ್ಚಿಸಿ ಅಟ್ಟಕ್ಕೇರಿಸಿದರು. ಗುಂಡಿಗೆ ಬಯಲಿನ ಮಣ್ಣನ್ನು ತಾವೇ ಹೊತ್ತು ತಂದು ತುಂಬಿ, ತುಳಿದು, ಸಾರಿಸಿದರು. ಮಗ್ಗ ಕೇಳಲು ಯಜಮಾನರು ಹೇಳಿಕಳಿಸಿದಾಗ, “ಗೆದ್ದಲು ತಿನ್ಲಿ,” ಎಂದರು. ಆ ವಿಷಯದಲ್ಲಿ ಬೀದಿಯವರಿಗೆ ಆಕೆ ಆಡಿದ ಮಾತು ಅದೊಂದೇ.

ಆದರೆ ಒಂದು ಬದಲಾವಣೆಯನ್ನು ಎಲ್ಲರೂ ಕಂಡರು. ಹಾಸು ಕಟ್ಟಿದ ಬೆಳಿಗ್ಗೆ ಆಕೆ ಹೊರಗೆ ಹೋಗಿದ್ದರೆ, ಹಾಸು ಬಿಚ್ಚುವವರೆಗೆ ಈಚೆ ಬರುತ್ತಿರಲಿಲ್ಲ. ಬಗ್ಗಿ ನುಸುಳುತ್ತಿರಲಿಲ್ಲ, ಸುತ್ತಿಕೊಂಡೂ ಬರುತ್ತಿರಲಿಲ್ಲ. ಸೊಂಟದಲ್ಲಿ ತುಂಬಿದ ಕೊಡವಿದ್ದರೂ, ತಲೆಯ ಮೇಲೆ ಬಿಸಿಲಿದ್ದರೂ, ಲಾಳಿ ಕುಳಿತಿದ್ದ ಜಾಗದಲ್ಲೇ ನಿಂತಿರುವರು. ಕೋಪದ ಮುಖವಲ್ಲ, ಬಸ್ಸಿಗೆ ಕಾಯುವವರ ಮುಖ. ಮೊದಮೊದಲು ಬೀದಿಯವರು ನಕ್ಕರು. ಆಮೇಲೆ ಮುಜುಗರಪಟ್ಟರು. ಕೊನೆಗೆ ಕರೆಯತೊಡಗಿದರು. “ಬಾಮ್ಮಾ, ಬಗ್ಗಿ ಬಾ.” “ಬಿಸ್ಲಲ್ಲಿ ಯಾಕ್ ನಿಂತ್ಕೊಂಡಿದ್ಯಾ, ಬಾರಮ್ಮಾ.” ಯಜಮಾನರೇ ಒಂದು ದಿನ ಗಂಜಿಯ ಪಾತ್ರೆ ಕೆಳಗಿಟ್ಟು, “ಬಾ ತಾಯೀ, ಬಾ,” ಎಂದರು. ಅದನ್ನು ನಾನೇ ಕಿವಿಯಾರೆ ಕೇಳಿದೆ. ಆಕೆ ಅವರ ಪಂಚೆಯ ನೇಯ್ಗೆಯನ್ನು ನೋಡುತ್ತ ನಿಂತೇ ಇದ್ದರು.

ಎಪ್ಪತ್ತರ ದಶಕ ಮುಗಿಯುವ ಮೊದಲೇ ಆಕೆ ಜ್ವರದಲ್ಲಿ ಮಲಗಿ ತೀರಿಕೊಂಡರು. ಹಿಂದಿನ ದಿನ ನನ್ನ ಹೆಂಡತಿಯನ್ನು ಕರೆದು, “ಬೆಳಗಿನ ರೈಲು ಹೋಯ್ತಾ?” ಎಂದು ಕೇಳಿದರಂತೆ. ಹೋಯಿತು ಎಂದಳಂತೆ. “ಹಾಗಾದ್ರೆ ಬಾಗಿಲು ತೆಗೆದಿಡು,” ಎಂದರಂತೆ.

ಯಜಮಾನರೂ ಈಗಿಲ್ಲ. ಅವರ ತಮ್ಮನಿದ್ದಾರೆ. ಮದುವೆಯ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತು ಹುಚ್ಚಮ್ಮನ ಕಥೆ ಹೇಳಿದವರು ಅವರೇ. ಬೀಡಿ ಸೇದಿ ಮುಗಿಯುವವರೆಗೆ ಲಾಳಿಯನ್ನು ಕಾಯಿಸಿ, ಆಮೇಲೆ ಕರೆಯುತ್ತಿದ್ದವರು. ಆ ಬೆಳಿಗ್ಗೆ ಬಾಯಿ ತೆರೆದು ಮುಚ್ಚಿದವರು. ಅಂದು ಜಗುಲಿಗಳ ಮೇಲಿದ್ದ ಇನ್ನೂ ಕೆಲವರು ಅದೇ ಬೀದಿಯಲ್ಲಿ ಸುಖವಾಗಿದ್ದಾರೆ. ನನಗೂ ವಯಸ್ಸಾಗಿದೆ, ಇನ್ನು ಕಾಯಲಾರೆ. ಆದ್ದರಿಂದ ನೇರವಾಗಿ ಕೇಳುತ್ತೇನೆ. ದಾಟಬಾರದೆಂದು ಹೇಳಿದವರು ನೀವು. ಅದು ದಾಟಲಿಲ್ಲ. ಬರಲೊಲ್ಲದ ಆ ಹೆಂಗಸಿಗೆ ವರ್ಷಗಟ್ಟಲೆ ಅಷ್ಟು ಸಲೀಸಾಗಿ ಹೇಳಿದಿರಲ್ಲ ‘ಬಾ’ ಎಂದು, ಬರಲು ಕಾದು ಕುಳಿತಿದ್ದ ಆ ಜೀವಕ್ಕೆ ಅದೊಂದು ಮಾತನ್ನು ಹೇಳದಂತೆ ನಿಮ್ಮಲ್ಲಿ ಒಬ್ಬೊಬ್ಬರ ನಾಲಿಗೆಯನ್ನೂ ಹಿಡಿದಿದ್ದವರು ಯಾರು?